ಪೆಟ್ಟಿಗೆಯಾಗುವ ಮೊದಲು

ಪ್ರೀತಿಯ ವರ್ನೆಲ್ ದೊಡ್ಡಮ್ಮ,

ನಾಲ್ಕು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನನ್ನ ಅಕ್ಷರ ಕೋಳಿ ಕೆರೆದ ಹಾಗಿರುತ್ತೆ ಅಂತ ನೀನೇ ಆಡಿಕೊಳ್ಳುತ್ತೀಯ. ಕನ್ನಡಕ ಹಾಕಿಕೊಂಡು ಓದು.

ಗುರುವಾರ ಶಾಲೆಯಿಂದ ವಾಪಸ್ ಬರುವಾಗ ಸೇತುವೆ ದಾಟುತ್ತಲೇ ಅಂದೆಯಲ್ಲ, "ಪೆಟ್ಟಿಗೆ ಮೇಲೆ ನಿಲ್ಲದೋಳು ನನ್ನ ವ್ಯಾನೂ ಹತ್ತಬೇಕಾಗಿಲ್ಲ" ಅಂತ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಹೇಳಲು ಬೇರೆ ದಾರಿಯಿಲ್ಲ. ಎರಡು ವರ್ಷದಿಂದ ಜಾರ್ಜಿಯಾ ಕರಾವಳಿಯ ಶಾಲೆಗಳಿಗೆ ನಿನ್ನ ಜೊತೆ ತಿರುಗಿದ್ದೇನೆ. ಗುಲಾಮರಾಗಿದ್ದ ನಮ್ಮ ಹಿರಿಯರನ್ನು ಹೇಗೆ ಮಾರಿದರು, ಅವರು ಹೇಗೆ ಹಾಡಿಕೊಂಡು ಜೀವ ಉಳಿಸಿಕೊಂಡರು ಅಂತ ಮಕ್ಕಳಿಗೆ ಆಡಿ ತೋರಿಸಿದ್ದೇವೆ. ನೀನು ದಳ್ಳಾಳಿಯಾಗಿ ಹರಾಜು ಕೂಗುವಾಗ ನಾನು ಮಾರಾಟಕ್ಕಿಟ್ಟವಳಾಗಿ ಮರದ ಪೆಟ್ಟಿಗೆಯ ಮೇಲೆ ತಲೆ ತಗ್ಗಿಸಿ ನಿಲ್ಲಬೇಕು. ಬೇರೆ ಕಡೆಯೆಲ್ಲ ಹಲ್ಲು ಕಚ್ಚಿ ನಿಂತೆ. ಗುರುವಾರ ಹೋದದ್ದು ನಾನು ಓದು ಬಿಟ್ಟ ಶಾಲೆಗೆ.

ಯಾಕೆ ಬಿಟ್ಟೆ ಅಂದಾಗ ಗಣಿತ ತಲೆಗೆ ಹತ್ತಲಿಲ್ಲ ಅಂದಿದ್ದೆ. ನಿನಗೆ ಹೇಳಿದ ಒಂದೇ ಸುಳ್ಳು ಅದು.

ಇತಿಹಾಸದ ಮೇಷ್ಟ್ರು ಒಂದು ದಿನ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಹರಾಜಿನ ಆಟ ಆಡಿಸಿದರು. ಕೆಟ್ಟವರಲ್ಲ, ಹೀಗಾದರೂ ಹುಡುಗರಿಗೆ ಅರ್ಥವಾಗಲಿ ಅಂದುಕೊಂಡರು. ದಿನಾ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಹುಡುಗನೇ ಕೂಗಿದ: "ಇವಳಿಗೆ ಅರ್ಧ ಬರ್ಗರ್!" ಎಲ್ಲರೂ ನಕ್ಕರು. ನಾನೂ ನಕ್ಕೆ ದೊಡ್ಡಮ್ಮ. ಅವರು ನಕ್ಕಿದ್ದಕ್ಕಲ್ಲ, ನಾನೂ ನಕ್ಕಿದ್ದಕ್ಕೆ ಮಾರನೆಯ ದಿನದಿಂದ ಹೋಗಲಿಲ್ಲ.

ಗುರುವಾರ ನೀನು ಕೂಗಲು ಶುರು ಮಾಡಿದಾಗ ಹಿಂದಿನಿಂದ ಯಾರೋ ಏನೋ ಅಂದರು. ನಗು ಎದ್ದಿತು. ಎರಡನೇ ಸಾಲಿನಲ್ಲಿ ಜಡೆಗೆಲ್ಲ ನೀಲಿ ಮಣಿ ಪೋಣಿಸಿಕೊಂಡ ಹುಡುಗಿ, ಆ ಸಾಲಿನಲ್ಲಿ ನಮ್ಮ ಬಣ್ಣದವಳು ಅವಳೊಬ್ಬಳೇ, ಅಕ್ಕಪಕ್ಕದವರ ಮುಖ ನೋಡಿ ತಾನೂ ನಕ್ಕಳು. ಆ ನಗು ನನಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆಯಿಂದ ಇಳಿದುಬಿಟ್ಟೆ.

ಮುಂದಿನದು ಹಾಡುತ್ತ ಕಾಲೆಳೆದು ಸುತ್ತು ಬರುವ ಸುತ್ತುಹಾಡು. ಆದರೆ ಅಲ್ಲಿ ನೆಲಕ್ಕೆ ರಬ್ಬರು ಹಾಸಿತ್ತು. ಪೊರಕೆ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುವ ಅಮೋಸ್ ಮಾವ ಬೆಳಗ್ಗೆಯೇ ಗೊಣಗಿದ್ದರು, "ಇದೇನು ನೆಲವೇನೇ, ಹಾಸಿಗೆ ಬಡಿದಂಗಿದೆ!" ಪೆಟ್ಟಿಗೆಯನ್ನು ಬೋರಲು ಹಾಕಿ ಅವರ ಮುಂದಕ್ಕೆ ತಳ್ಳಿ, "ಇದರ ಮೇಲೆ ಕುಟ್ಟಿ ಮಾವ" ಅಂದೆ. ಅವರು ನಿನ್ನ ಮುಖ ನೋಡಿದರು, ನನ್ನ ಮುಖ ನೋಡಿದರು, ಕುಟ್ಟಿದರು.

ಹಳೆಯ ಪ್ರಾರ್ಥನಾಮನೆ ಕೆಡವಿದಾಗ ದೊಡ್ಡಪ್ಪ ಅದರ ನೆಲದ ಹಲಗೆಗಳನ್ನು ಹೊತ್ತು ತಂದು ಆ ಪೆಟ್ಟಿಗೆ ಮಾಡಿದ್ದರಂತೆ. ನೀನೇ ಹೇಳಿದ್ದೆ. "ಧಣಿಗಳು ಡೋಲು ಕಿತ್ಕೊಂಡ್ರು ಕಣೇ, ನಮ್ಮೋರು ನೆಲಾನೇ ಡೋಲು ಮಾಡ್ಕೊಂಡ್ರು" ಅಂತಲೂ ನೀನೇ ಹೇಳಿದ್ದೆ. ಪೆಟ್ಟಿಗೆಯಾಗುವ ಮೊದಲು ಅದು ನೆಲವೇ ಆಗಿತ್ತಲ್ಲ.

ಆ ಸದ್ದಿಗೆ ನಿನ್ನ ಹುಬ್ಬು ಗಂಟಿಕ್ಕಿತ್ತು, ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಿನ್ನ ಕಾಲು ತಾಳಕ್ಕೆ ಸರಿದಿತ್ತು. ನಾನು ನೋಡಿದೆ, ಇಲ್ಲ ಅನ್ನಬೇಡ. ನೀಲಿ ಮಣಿಯವಳು ಎಲ್ಲರಿಗಿಂತ ಮೊದಲು ಎದ್ದು ಬಂದು ಕುಣಿಯತೊಡಗಿದಳು. "ಕಾಲೆತ್ತಬೇಡ ಮಗೂ, ಎಳೆದು ಹಾಕು" ಅಂದೆ ನೀನು ಅವಳಿಗೆ. ನನಗೆ ಕಲಿಸಿದ ದನಿಯಲ್ಲೇ ಅಂದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ವ್ಯಾನಿನಲ್ಲಿ ನೀನು ಇನ್ನೂ ಒಂದು ಮಾತು ಕೇಳಿದೆ: "ಒಂಬತ್ತು ವರ್ಷಕ್ಕೆ ನನ್ನ ಮುತ್ತಜ್ಜಿ ಫೀಬಿ ನಿಜವಾದ ಹರಾಜಿಗೇ ನಿಂತಿದ್ಲು. ನಿನಗೇನು ಕಾಲು ನೋವಾ?" ಅವಳಿಗೆ ಇಳಿಯುವ ಹಾಗಿರಲಿಲ್ಲ ದೊಡ್ಡಮ್ಮ. ನಾನು ಇಳಿದರೆ ಅವಳಿಗೆ ಅವಮಾನವೇ? ಹರಾಜಿನ ಕತೆ ಬಿಡು ಅನ್ನುತ್ತಿಲ್ಲ. ಅವಳ ಹೆಸರು ಹಿಡಿದು ಹೇಳು, ಗಂಟಲು ಬಿರಿಯುವಂತೆ ಹಾಡು, ನಾನು ಸೊಲ್ಲು ಹಿಡಿಯುತ್ತೇನೆ. ಪೆಟ್ಟಿಗೆ ಮಾತ್ರ ಹತ್ತುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ನಿನ್ನ ದನಿ ಕೇಳದ ಈ ನಾಲ್ಕು ದಿನ ಮನೆಯಲ್ಲಿ ನನಗೆ ಕೈಕಾಲೇ ಆಡುತ್ತಿಲ್ಲ.

ಬರುವ ಸೋಮವಾರ ಬೆಳಗ್ಗೆ ಏಳಕ್ಕೆ, ನಿನ್ನ ವ್ಯಾನ್ ಹಾದುಹೋಗುವ ಪೆಟ್ರೋಲ್ ಬಂಕಿನ ಮುಂದೆ ನಿಂತಿರುತ್ತೇನೆ, ಮಾವನಿಗೆ ಇಷ್ಟವಾದ, ಟೊಮೆಟೊ ಹಾಕಿದ ಕೆಂಪನ್ನ ಕಟ್ಟಿಕೊಂಡು. ವ್ಯಾನ್ ನಿಂತರೆ ಹತ್ತುತ್ತೇನೆ. ನಿಲ್ಲದಿದ್ದರೆ ಕೈ ಬೀಸಿ ಮನೆಗೆ ಬಂದು, ಅದರ ಮುಂದಿನ ಸೋಮವಾರ ಮತ್ತೆ ನಿಲ್ಲುತ್ತೇನೆ.

ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ನಿನ್ನ ಹೆಜ್ಜೆ ಯಾವತ್ತೂ ನೆಲ ಬಿಡದಿರಲಿ.

ಇಳಿದು ನಿಂತಿರುವ,
ನಿನ್ನ ಟಲೀಸಾ