ಹೊಸ್ತಿಲಾಚೆ ನಿಂತ ಹಸನಬ್ಬ

ಜಿದ್ದಾ, 7 ಏಪ್ರಿಲ್ 1994, ಗುರುವಾರ

ಹಗಲು ನಾನು ಬ್ರಿಟಿಷ್ ಕಂಪನಿಯ ಕಾಂಪೌಂಡಿನ ಆಫೀಸಿನಲ್ಲಿ ಟೈಪಿಸ್ಟ್. ಗುರುವಾರ ಸಂಜೆ ಮಾತ್ರ ವಿಲ್ಲಾದ ಹಿಂದಿನ ಕೋಣೆಯಲ್ಲಿ ಗ್ಲಾಸು ತುಂಬಿಸುವವ. ಈ ದೇಶದಲ್ಲಿ ಮದ್ಯ ನಿಷೇಧ, ಹಾಗಾಗಿ ಕಾಗದದಲ್ಲಿ ಅದು ‘ರಿಕ್ರಿಯೇಷನ್ ರೂಮ್’. ಒಳಗೆ ಹೋದರೆ ಇಂಗ್ಲೆಂಡಿನ ಹಳೇ ಪಬ್ಬು — ಮರದ ಕೌಂಟರು, ಹಿತ್ತಾಳೆ ದೀಪ, ಗೋಡೆಯಲ್ಲಿ ಕುದುರೆ ಚಿತ್ರ. ವೈನು ಮಾತ್ರ ನಮ್ಮಮ್ಮ ಕ್ರಿಸ್ಮಸ್ಸಿಗೆ ಮಾಡುತ್ತಿದ್ದ ಕ್ರಮದ್ದು. ದ್ರಾಕ್ಷಿ ರಸ, ಸಕ್ಕರೆ, ಒಂದು ಹಿಡಿ ಗೋಧಿ. ಇವತ್ತೇ ಹೊಸ ಡ್ರಮ್ಮು ಹಾಕಿದ್ದೆ. ಇನ್ನು ಮೂರು ವಾರ ಮುಚ್ಚಳ ತೆಗೆಯುವ ಹಾಗಿಲ್ಲ, ತೆಗೆದರೆ ಹುಳಿ.

ಸಂಜೆಯ ಮಗ್ರಿಬ್ ಬಾಂಗು ಕೇಳಿದ್ದೇ ಹಾಡು ಬಂದ್, ದೀಪ ಬಂದ್. ಇಡೀ ಊರು ನಮಾಜಿಗೆ ನಿಂತಾಗ ನಮ್ಮ ಸದ್ದು ಹೊರಗೆ ಹೋಗಬಾರದಲ್ಲ. ಆ ಕತ್ತಲೆಯಲ್ಲಿ ಯಾರೋ ಹಿಂಬಾಗಿಲು ತಟ್ಟಿದರು. ತೆರೆದೆ. ಡ್ರೈವರ್ ಹಸನಬ್ಬ, ಉಳ್ಳಾಲದವ. ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಏನೋ.

“ಗೇಟಿನ ಹತ್ರ ಪೊಲೀಸ್ ಜೀಪು ನಿಂತುಂಟು ಎಡ್ವರ್ಡಣ್ಣ. ಬೇಗ ಎಲ್ಲ ತೆಗೀರಿ ಮಾರಾಯ್ರೆ.”

ಹೊಸ್ತಿಲು ದಾಟಲಿಲ್ಲ. ಯಾವತ್ತೂ ದಾಟಿದವನಲ್ಲ. ಕುಡಿಯುವ ಜಾಗಕ್ಕೆ ಕಾಲಿಡುವುದಿಲ್ಲ ಅವನು. ಹೇಳಿ ಹೋದ.

ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಸಿಂಕಿಗೆ ಸುರಿಯಬೇಕೆಂದು ಮ್ಯಾನೇಜರ್ ಪೆಂಬರ್ಟನ್ ಸಾಹೇಬರ ಆರ್ಡರು. ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆಯ ವೈನು... ಕೌಂಟರಿನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಸ ಡ್ರಮ್ಮಿಗೇ ಬಗ್ಗಿಸಿ ಮುಚ್ಚಳ ಹಾಕಿದೆ. ಜೀಪು ತಾನಾಗಿ ಹೋಯಿತು.

ದೀಪ ಹಾಕಿ ನೋಡಿದರೆ ಸಾಹೇಬರ ತವರದ ಮಗ್ಗು ಇಲ್ಲ.

8 ಏಪ್ರಿಲ್, ಶುಕ್ರವಾರ

ಮಗ್ಗು ಸಾಹೇಬರ ಮುತ್ತಜ್ಜನ ಪಬ್ಬಿನದಂತೆ. ನೂರೈವತ್ತು ವರ್ಷದ ಹಿಂದೆ ಅದೇ ಪಬ್ಬಿನಿಂದ ಒಬ್ಬ ಮಗ್ಗು ಕದ್ದನಂತೆ. ಕೋರ್ಟು, ಸಾಕ್ಷಿ ಎಲ್ಲ ನಡೆದು ಅವನನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಅಟ್ಟಿದರಂತೆ. ಗ್ಲಾಸು ತುಂಬಿಸುವ ಆಳು ಹೇಳಿದ ಸಾಕ್ಷಿಯೇ ಸಾಕಾಯಿತು ಎಂದು ಹೇಳಿ ಸಾಹೇಬರು ನಕ್ಕರು. ನಾನೂ ನಕ್ಕೆ.

ಪೊಲೀಸರಿಗೆ ಹೇಳುವ ಹಾಗಿಲ್ಲ. ಇಲ್ಲದ ಕೋಣೆಯಲ್ಲಿ ಕಳವು ಎಲ್ಲಿಂದ? ನಾಳೆ ಒಬ್ಬೊಬ್ಬರೂ ಸಾಹೇಬರ ಮುಂದೆ ಬಂದು ಕಂಡದ್ದನ್ನು ಹೇಳಬೇಕು. ಟೈಪ್ ಮಾಡುವವ ನಾನು.

9 ಏಪ್ರಿಲ್, ಶನಿವಾರ

ಒಬ್ಬ ಇಂಜಿನಿಯರ್ ಬಾಗಿಲಲ್ಲಿ ಬಿಳಿ ಬಟ್ಟೆ ಕಂಡನಂತೆ. ಇನ್ನೊಬ್ಬನಿಗೆ ಕಪ್ಪು ಅಂಗಿ. ಅವನ ಹೆಂಡತಿಯ ಬೆನ್ನ ಹಿಂದೆ ಯಾರೋ ಸರಿದುಹೋದರಂತೆ — ಡ್ರಮ್ಮಿನ ಕಡೆ ಹೋದ ನಾನೇ ಇರಬೇಕು. ನನ್ನ ರೂಮಿನ ಸನ್ನಿ, “ಕಣ್ಣು ಮುಚ್ಚಿ ಜಪ ಮಾಡ್ತಿದ್ದೆ ಸರ್” ಎಂದ. ಅಂಥ ಕತ್ತಲೆಯಲ್ಲಿ ಸರಿಯಾಗಿ ಕಂಡವ ಅವನೊಬ್ಬನೇ.

ಕೊನೆಗೆ ನಾನು.

ಬಾಗಿಲಿಗೆ ಬಂದವರು ಯಾರು? ಹಸನಬ್ಬ ಸರ್. ಕೈಯಲ್ಲಿ ಏನಿತ್ತು? ಟವಲಿನಲ್ಲಿ ಸುತ್ತಿದ ಏನೋ. ಒಳಗೆ ಬಂದನೇ?

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವನಲ್ಲದಿದ್ದರೆ ಒಳಗಿದ್ದವರೇ. ಎಲ್ಲ ಬಿಳಿಯರು, ಸನ್ನಿ, ಮತ್ತೆ ಕೌಂಟರಿನ ಹಿಂದೆ ನಾನು. ಯಾರ ಕಡೆ ತಿರುಗುತ್ತಾರೆ ಎಂದು ಗೊತ್ತಿಲ್ಲವೇ.

“ಕತ್ತಲೆ ಸರ್. ಬೆನ್ನು ತಿರುಗಿಸಿದ್ದೆ. ಹೇಳಲಿಕ್ಕಾಗುವುದಿಲ್ಲ.”

ಟೈಪ್ ಮಾಡಿ ಸಹಿ ಹಾಕಿದೆ. ಸ್ಪೆಲಿಂಗ್ ಒಂದೂ ತಪ್ಪಿಲ್ಲ.

12 ಏಪ್ರಿಲ್

ಹಸನಬ್ಬನಿಗೆ ಎಕ್ಸಿಟ್, ವೀಸಾ ರದ್ದಾಗಿ ಊರಿಗೆ. ಅವನಿಗೆ ವೀಸಾ ಕೊಡಿಸಿದ ಕಫೀಲ್‌ಗೆ ‘ಕೆಲಸ ಸರಿಯಿಲ್ಲ’ ಎಂದಷ್ಟೇ ಹೇಳಿ ಮುಗಿಸಿದ್ದಾರೆ. ಮೇ ಮೂರಕ್ಕೆ ಟಿಕೆಟ್. ಅವನ ತಾಯಿ ಹಲೀಮತ್ ಹಜ್ಜಿಗೆ ಬರುವ ಹಡಗು ಐದಕ್ಕೆ. ತಾಯಿಯ ಕೈಹಿಡಿದೇ ಮಾಡಬೇಕೆಂದು ಇಷ್ಟು ವರ್ಷ ಇಲ್ಲಿದ್ದೂ ಹಜ್ ಮಾಡದೆ ಕಾದವನು. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.



28 ಏಪ್ರಿಲ್, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದುಕೊಂಡಿದ್ದೆ.

ಇವತ್ತು ಬಾಟಲಿ ತುಂಬಿಸುವ ದಿನ. ಡ್ರಮ್ಮು ಓರೆ ಮಾಡಿದಾಗ ತಳದಲ್ಲಿ ಟಣ್ ಎಂದಿತು. ಕೈ ಹಾಕಿದೆ. ಮಗ್ಗು. ಕಪ್ಪಾಗಿದೆ, ಹಿಡಿಯಲ್ಲಿ ಗೋಧಿ ಸಿಕ್ಕಿಕೊಂಡಿದೆ.

ಗೊತ್ತೇ ಇರಲಿಲ್ಲ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಆ ದಿನ ಕೈಯಿಂದ ಏನೋ ಜಾರಿತ್ತು. ಗ್ಲಾಸು ಎಂದುಕೊಂಡೆ. ಆಮೇಲೆ ಗ್ಲಾಸು ತೊಳೆದಿಡುವಾಗ ಒಂದೂ ಕಮ್ಮಿ ಇರಲಿಲ್ಲ... ಅಷ್ಟಕ್ಕೇ ಯೋಚನೆ ನಿಲ್ಲಿಸಿದ್ದೆ. ಮುಚ್ಚಳ ತೆಗೆದರೆ ವೈನು ಹುಳಿಯಾಗುತ್ತದಲ್ಲ.

29 ಏಪ್ರಿಲ್

ಸನ್ನಿಗೆ ಹೇಳಿದೆ. ಅವನು ಮೊದಲು ಬಾಗಿಲು ಹಾಕಿ ಬಂದ.

“ಈಗ ಹೇಳಿದ್ರೆ ನಿಂಗೇ ಎಕ್ಸಿಟ್ ಮಾರಾಯ. ಕಾರ್ಮೆಲಿನ್‌ಗೆ ಎಂತ ಹೇಳ್ತಿ?”

“ಹೇಳದಿದ್ರೆ?”

“ಅದು ನಂಗೆ ಕೇಳ್ಬೇಡ.”

ನನ್ನ ಹೆಂಡತಿ ಕಾರ್ಮೆಲಿನ್ ಆದರೆ ಮೊದಲು ಪಾದ್ರಿಗಳ ಹತ್ತಿರ ಹೋಗು ಎನ್ನುತ್ತಿದ್ದಳು. ಇಲ್ಲಿ ಪಾಪನಿವೇದನೆಗೆ ಪಾದ್ರಿಗಳಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆನೇ? ಅವರಿಲ್ಲ ಎಂಬುದೇ ನನಗೆ ಅನುಕೂಲವಾಗಿದೆ.

1 ಮೇ, ಭಾನುವಾರ

ಮಗ್ಗನ್ನು ಚೀಲದಲ್ಲಿ ಹಾಕಿಕೊಂಡು ಸಾಹೇಬರ ಬಾಗಿಲಿಗೆ ಹೋದೆ. ಒಳಗೆ ಕರೆದರು. ಏನು ಬೇಕೆಂದು ಕೇಳಿದರು. ಟೈಪ್‌ರೈಟರಿಗೆ ರಿಬ್ಬನ್ ಬೇಕು ಎಂದೆ. ಕೊಟ್ಟರು.

ಮೊದಲೇ ಕೊಟ್ಟ ಎರಡು ರಿಬ್ಬನ್ ಮೇಜಿನಲ್ಲಿ ಹಾಗೇ ಇವೆ. ಥೂ.

2 ಮೇ, ಸೋಮವಾರ

ಹಸನಬ್ಬ ರೂಮಿಗೆ ಬಂದಿದ್ದ. ನನ್ನ ಮಂಚದ ಮೇಲೇ ಕೂತ. ಕೆಳಗೆ ಮಗ್ಗಿನ ಚೀಲ.

“ಪೇಪರಿನಲ್ಲಿ ನಿಮ್ಮ ಸಹಿ ಉಂಟಂತೆ. ಬೇಜಾರಿಲ್ಲ ಎಡ್ವರ್ಡಣ್ಣ. ಟವಲು ಇದ್ದದ್ದು ಹೌದಲ್ಲ. ನಮಾಜಿನ ಚಾಪೆ ಅದು, ಮಸೀದಿಗೆ ಹೊರಟವ ಜೀಪು ನೋಡಿ ತಿರುಗಿ ಬಂದೆ. ಕತ್ತಲೆಯಲ್ಲಿ ನಿಮಗೆ ಕಾಣ್ಲಿಲ್ಲ. ಅದಕ್ಕೆ ನೀವೆಂತ ಮಾಡುದು?”

ನಾನು ಟೀ ಮಾಡುತ್ತೇನೆಂದು ಎದ್ದೆ. ಬೇಡ ಎಂದ. ಜೇಬಿನಿಂದ ತಾಯಿಯ ಫೋಟೋ ತೆಗೆದ.

“ಉಮ್ಮ ಹಡಗು ಹತ್ತಿ ಆಗಿದೆ. ಅವ್ರಿಗೆ ಗೊತ್ತಿಲ್ಲ. ಮಾವ ಜೊತೆಗಿದ್ದಾರೆ, ಆದ್ರೆ ಅವ್ರ ಕಣ್ಣು ನನ್ನನ್ನೇ ಹುಡುಕ್ತದೆ. ನೀವೊಂದು ಬಂದರಿಗೆ ಹೋಗ್ತೀರಾ? ನಿಮಗೆ ತುಳು ಬರ್ತದೆ.”

“ಎಂತ ಹೇಳ್ಲಿ ಅವ್ರಿಗೆ?”

“ಕಂಡದ್ದನ್ನು ಹೇಳಿ. ಸಾಕು.”

ಆಗಲೇ ಬಗ್ಗಿ ಚೀಲ ಎಳೆಯಬಹುದಿತ್ತು. ಕೈಯಳತೆಯಲ್ಲಿತ್ತು. ಫೋಟೋ ತೆಗೆದುಕೊಂಡೆ.

3 ಮೇ

ಹೋದ. ಬೆಳಿಗ್ಗೆ ನಾನು ಆಫೀಸಿನಿಂದ ಹೊರಗೆ ಬರಲಿಲ್ಲ. ಹೇಡಿ ನಾನು, ಬೇರೆ ಶಬ್ದ ಹುಡುಕುವುದು ಬೇಡ.

5 ಮೇ, ಗುರುವಾರ

ಸಂಜೆ ಕೌಂಟರಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಚೀಲ ಮೇಜಿನ ಮೇಲಿದೆ.

ಮಧ್ಯಾಹ್ನ ಬಂದರಿನ ಗೇಟಿನ ಹೊರಗೆ ನಿಂತಿದ್ದೆ. ಹಾಜಿಗಳು ಗಂಟುಮೂಟೆ ಹೊತ್ತು ಬಸ್ಸಿನ ಕಡೆ ಬರುತ್ತಿದ್ದರು. ಫೋಟೋ ಬೇಕಾಗಲಿಲ್ಲ, ಹಸನಬ್ಬನದೇ ಮೂಗು. ಹಲೀಮತ್ ಜೊತೆಗಿದ್ದ ತಮ್ಮನ ಕೈಬಿಟ್ಟು, ಬಂದವರೆಲ್ಲರ ಮುಖ ನೋಡುತ್ತ ನಡೆಯುತ್ತಿದ್ದರು. ಹತ್ತಿರ ಹೋಗಿ ತುಳುವಿನಲ್ಲಿ ಹಸನಬ್ಬನ ಹೆಸರು ಹೇಳಿದೆ. ನನ್ನ ಎರಡೂ ಕೈ ಹಿಡಿದುಕೊಂಡರು.

“ಹಸನ ಎಲ್ಲಿ ಮಗಾ?”

ಊರಿಗೆ ಹೋದ ಎಂದೆ.

“ನಾನು ಬರುವಾಗ ಹೋದನಾ? ಯಾಕೆ?”

ಕೈ ಬಿಡಲಿಲ್ಲ. ಮಟಮಟ ಮಧ್ಯಾಹ್ನ, ಎಲ್ಲೂ ಒಂದು ಚೂರು ನೆರಳಿಲ್ಲ. ಕಾಣಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಬಸ್ಸಿನವನು ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಹೇಳಿದೆ. ಅಮ್ಮಾ, ನಿಮ್ಮ ಮಗ ಹೊಸ್ತಿಲು ದಾಟಲಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ನಾನು ಕಾಣಲಿಲ್ಲ ಎಂದು ಸಹಿ ಹಾಕಿದೆ.