ಟೆರೇಸ್ ಮಂದಿಗೆ ಮದುವೆ ಕರೆ

11 ಫೆಬ್ರುವರಿ 2007, ಹುಮನಾಬಾದ್

ಲೈನ್ ಮತ್ತೆ ಕಟ್. ಅಪ್ಪ ಮನೆಯಲ್ಲಿ ಫೋನ್ ಎತ್ತಿದರೆ ಮಿಲ್ಲಿನ ಆಫೀಸಿನಲ್ಲಿ ನನ್ನ ಇಂಟರ್ನೆಟ್ ಸಾಯುತ್ತದೆ. ಅವರಿಗೆ ಹೈದರಾಬಾದಿನ ತೊಗರಿ ರೇಟು ಬೇಕು. ನನಗೆ ಟೆರೇಸ್ ಬೇಕು.

ಟೆರೇಸ್ ಅಂದರೆ ವೆಬ್‌ಸೈಟು. ಭಾರಿ ಶ್ರೀಮಂತರದ್ದು. ಒಳಗಿದ್ದವರು ಕರೆದರಷ್ಟೇ ಪ್ರವೇಶ. ನನ್ನನ್ನು ಕರೆದವನು ಹಬೀಬ್ — ಹೈದರಾಬಾದಿನಲ್ಲಿ ಎಂ.ಬಿ.ಎ. ಓದುವಾಗ ನನ್ನ ರೂಮ್‌ಮೇಟ್, ಈಗ ದುಬೈನಲ್ಲಿ ಹೋಟೆಲ್ ಮಾಲೀಕ. ಇವತ್ತು ಅಲ್ಲಿ ಒಬ್ಬ ಬರೆದಿದ್ದ, ಜಿನೀವಾಕ್ಕೆ ಹೊರಟ ನನ್ನ ಸ್ವಂತ ವಿಮಾನದಲ್ಲಿ ಸೀಟು ಖಾಲಿ ಇದೆ, ಯಾರು ಬರುತ್ತೀರಿ ಅಂತ. ಮನ್ನಾಏಖೇಳ್ಳಿಯಲ್ಲಿ ಜೀಪಿನವರು ಕೂಗುವುದೂ ಇದನ್ನೇ. ನಗು ಬಂತು. ಹೊಟ್ಟೆಯೂ ಉರಿಯಿತು.

ನನ್ನ ಪ್ರೊಫೈಲ್: ಸಂಜೀವಕುಮಾರ, ಹೈದರಾಬಾದ್, ಆಗ್ರೋ ಎಕ್ಸ್‌ಪೋರ್ಟ್ಸ್. ದಾಲ್ ಮಿಲ್ ಎಂದು ಬರೆಯಲು ಕೈ ಏಳಲಿಲ್ಲ.

8 ಮಾರ್ಚ್

ಲಂಡನ್ನಿನ ಹೆಂಗಸೊಬ್ಬಳು ಭಾರತದಲ್ಲಿ ಯಾವ ಮಾವು ಚೆನ್ನ ಎಂದು ಕೇಳಿದ್ದಳು. ಉತ್ತರ ಬರೆದೆ. ‘ಥ್ಯಾಂಕ್ಸ್, ಸಂಜೀವ್’ ಅಂತ ಬಂತು. ಇಡೀ ದಿನ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಆಫೀಸಿಗೆ ಹೋಗಿ ನೋಡಿ ಬಂದೆ. ಮತ್ತೇನೂ ಇರಲಿಲ್ಲ. ಅವ್ವ ಕೇಳಿದಳು, “ಯಾವ ಹುಡಗಿರೆ ಗಂಟು ಬಿದ್ದಾಳೇನೋ?”

1 ಏಪ್ರಿಲ್

ತಂಗಿ ಸ್ನೇಹಲ್ ಮದುವೆ ಇದೇ ಇಪ್ಪತ್ತೊಂಬತ್ತಕ್ಕೆ. ಬೀಗರು ಬಸವಕಲ್ಯಾಣದವರು, ಧನರಾಜಪ್ಪನವರ ಮನೆತನ. ಅಪ್ಪನ ಕಾಲು ಒಂದೆಡೆ ನಿಲ್ಲುತ್ತಿಲ್ಲ. ಅಪ್ಪನ ಲೆಕ್ಕದಲ್ಲಿ ಕರೆಯುವುದು ಅಂದರೆ ಬರೀ ಪತ್ರಿಕೆ ಕೊಟ್ಟು ಬರುವುದಲ್ಲ. ಹೊಸ್ತಿಲ ಮೇಲೆ ಅಕ್ಷತೆ ಇಟ್ಟು, ಅವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ ಎಂದು ಹೇಳಬೇಕು. ಆಗಲೇ ಕರೆದ ಹಾಗೆ. ಯಾರನ್ನೂ ಬಿಡುವಂತಿಲ್ಲ. ಬಿಟ್ಟರೆ ಬೈದ ಹಾಗೆ.

ಇವತ್ತು ನಾನು ಕಂಪ್ಯೂಟರ್ ಮುಂದೆ ಕೂತಿದ್ದಾಗ ಅಪ್ಪ ಬೆನ್ನ ಹಿಂದೆ ಬಂದು ನಿಂತರು.

“ಈ ಮಂದಿ ಜೋಡಿ ದಿನಾ ಮಾತಾಡಾಕತ್ತಿ. ಮದುವಿಗಿ ಕರದಿಯೇನು?”

“ಅಪ್ಪಾ, ಇಲ್ಲಿ ಹಂಗ ಕರಿಯಾಂಗಿಲ್ಲ.”

“ದಿನಾ ಅವರ ಮನ್ಯಾಗ ಹೋಗಿ ಕೂಡ್ತಿ, ತಂಗಿ ಮದುವಿಗಿ ಕರಿಯಾಂಗಿಲ್ಲ? ನಮ್ಮ ಇಜ್ಜತ್ ಏನುಳೀತು?”

ನಿಯಮ ಹೇಳಿದೆ. ಪರಿಚಯವಿಲ್ಲದವರಿಗೆ ಏನೂ ಕಳಿಸಬಾರದು, ದೂರು ಬಂದರೆ ಹೊರಗೆ ಹಾಕುತ್ತಾರೆ. ಅಪ್ಪನಿಗೆ ತಲೆಬುಡ ಗೊತ್ತಾಗಲಿಲ್ಲ.

2 ಏಪ್ರಿಲ್, ಮಧ್ಯಾಹ್ನ

ಕಳಿಸಿದೆ. ಅಪ್ಪ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ಹಬೀಬನೊಬ್ಬನಿಗೇ ಕಳಿಸಿ ಮುಗಿಸೋಣವೆಂದಿದ್ದೆ. ಬಿಡಲಿಲ್ಲ.

“ಈ ಲಂಡನ್ ಹೆಣ್ಮಗಳನ್ನ ಬಿಟ್ಟಿ ನೋಡು.”

“ಆಕಿ ಪರಿಚಯ ಇಲ್ಲಪ್ಪಾ.”

“ಪರಿಚಯ ಮದುವ್ಯಾಗ ಆಗ್ತದ. ಕಳಸು.”

ಒಲೆ ಹಚ್ಚಬೇಡಿ ಎಂಬುದನ್ನೂ ಇಂಗ್ಲಿಷಿನಲ್ಲಿ ಬರೆಸಿದರು. ಲೈನ್ ಎರಡು ಸಲ ಹೋಯಿತು. ಮೂರನೇ ಸಲ ಕೂತು ಉಳಿದವರಿಗೂ ಕಳಿಸಿದೆ. ಸುಳ್ಳೇಕೆ ಹೇಳಲಿ, ನನಗೂ ಆಸೆ ಹುಟ್ಟಿತ್ತು. ಒಬ್ಬನಾದರೂ ದೊಡ್ಡ ಕಾರಿನಲ್ಲಿ ಹುಮನಾಬಾದಿನೊಳಗೆ ಬಂದರೆ...

4 ಏಪ್ರಿಲ್

ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ. ಮತ್ತೆ ಹಾಕಿದೆ. ಮತ್ತೆ.

ಸಂಜೆ ಮೇಲ್ ಬಂತು. ಸದಸ್ಯರಿಂದ ದೂರುಗಳು ಬಂದಿವೆ, ನಿಮ್ಮ ಸದಸ್ಯತ್ವ ರದ್ದು. ಹಬೀಬನಿಗೂ ಎಚ್ಚರಿಕೆ ಕೊಟ್ಟಿದ್ದಾರಂತೆ. ಫೋನಿನಲ್ಲಿ ಅವನು ಸಿಟ್ಟು ಮಾಡಲೂ ಇಲ್ಲ. “ಅರೇ ಯಾರ್, ಒಲೆ ಅಂತ ಯಾಕೆ ಬರೆದೆ? ಎಲ್ಲರೂ ಅದನ್ನೇ ಹೇಳಿ ನಗುತ್ತಿದ್ದಾರೆ” ಅಂದ. ಫೋನ್ ಇಟ್ಟುಬಿಟ್ಟೆ. ನಾಳೆ ಅಪ್ಪನಿಗೆ ಹೇಳಬೇಕು.

15 ಏಪ್ರಿಲ್

ಹೇಳಿಲ್ಲ.

ಜವಳಿ ತರಲು ಬಸವಕಲ್ಯಾಣಕ್ಕೆ ಹೋಗಿದ್ದೆವು. ಬೀಗರ ಪಡಸಾಲೆಯಲ್ಲಿ ಅಪ್ಪ ಚಹಾ ಕುಡಿಯುತ್ತ, “ಸಂಜೂನ ಕಡೀಂದ ಲಂಡನ್, ದುಬೈ ಮಂದಿ ಬರಾಕತ್ಯಾರ್ರಿ” ಅಂದರು. ಧನರಾಜಪ್ಪ ನನ್ನತ್ತ ತಿರುಗಿ, “ಹೌದೇನ್ರಿ?” ಅಂದರು.

“ಹೌದ್ರಿ” ಅಂದೆ.

26 ಏಪ್ರಿಲ್

ಮದುವೆ ಮಿಲ್ಲಿನ ಅಂಗಳದಲ್ಲೇ; ಅಪ್ಪ ಗೋದಾಮು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದಾರೆ. ಕೂಲರ್, ಬಿಳಿ ಬಟ್ಟೆ ಹಾಕಿದ ಖುರ್ಚಿ, ಬಾಟಲಿ ನೀರು. ಎಲ್ಲಾ ಟೆರೇಸ್‌ನವರಿಗೆ, ಅಪ್ಪನ ಬಾಯಲ್ಲಿ ‘ಕ್ಲಬ್ ಮಂದಿ’ಗೆ. ಚೀಲ ಹೊರುವ ಹಮಾಲರ ಮೇಸ್ತ್ರಿ ಮಚ್ಚೇಂದ್ರನೇ ಖುರ್ಚಿ ಹೊತ್ತ. ಹತ್ತಿರದ ಹಳ್ಳಿ ದುಬಲಗುಂಡಿಯವನು, ನಾನು ಹುಟ್ಟುವ ಮೊದಲಿನಿಂದ ಮಿಲ್ಲಿನಲ್ಲಿದ್ದಾನೆ. “ಸಣ್ಣ ಸಾವಕಾರ್ರ, ನಿಮ್ಮ ಗೆಳ್ಯಾರು ನೆಲದ ಮ್ಯಾಗ ಕೂಡಾಂಗಿಲ್ಲೇನ್ರಿ?” ಅಂದು ನಕ್ಕ. ಇವತ್ತೂ ಹೇಳಲಿಲ್ಲ. ನಿದ್ದೆ ಹತ್ತುತ್ತಿಲ್ಲ.

29 ಏಪ್ರಿಲ್, ಸಂಜೆ 4

ಅಕ್ಷತೆ ಬಿತ್ತು. ಸ್ನೇಹಲ್ ಚೆನ್ನಾಗಿ ಕಾಣುತ್ತಿದ್ದಳು. ನಾನು ಸರಿಯಾಗಿ ನೋಡಲೂ ಇಲ್ಲ, ಕಣ್ಣೆಲ್ಲ ಗೇಟಿನ ಕಡೆ ನಿಂತಿದ್ದ ಅಪ್ಪನ ಮೇಲೆ. ಕೈಯಲ್ಲಿ ಹಾರ ಹಿಡಿದು, ಹೈವೇಯಲ್ಲಿ ಕಾರು ನಿಧಾನವಾದರೆ ಸಾಕು, ಮುಂದೆ ಹೋಗುತ್ತಿದ್ದರು.

ಶಾಮಿಯಾನದಲ್ಲಿ ಜಾಗವಿರಲಿಲ್ಲ. ಬಿಸಿಲು ಸುಡುತ್ತಿತ್ತು. ಮಚ್ಚೇಂದ್ರನ ಹೆಂಡತಿ ಶೇವಂತಾಬಾಯಿ ಮೊಮ್ಮಗಳನ್ನು ಎತ್ತಿಕೊಂಡು ಗೋದಾಮಿನಲ್ಲಿ ಕೂಲರ್ ಮುಂದೆ ಕೂತಳು. ಹಿಂದೆಯೇ ದುಬಲಗುಂಡಿಯ ಉಳಿದವರೂ. ಅಪ್ಪ ಓಡಿ ಬಂದರು.

“ಮಚ್ಚೇಂದ್ರ, ಇವು ಖುರ್ಚಿ ಬ್ಯಾರೇರಿಗಿ ಅವ. ಇವರನ್ನ ಹೊರಗ ಕೂಡಸು.”

ನಮ್ಮ ಮನೆಯ ಮದುವೆಗಳಲ್ಲಿ ಹಮಾಲರ ಮಂದಿಯನ್ನು ಬೀಗರ ಪಂಕ್ತಿಯಲ್ಲೇ ಕೂರಿಸಿ, ತಾವೇ ಹುಗ್ಗಿ ಬಡಿಸುವ ಮನುಷ್ಯ ಆಡಿದ ಮಾತು ಇದು. ಮಚ್ಚೇಂದ್ರ “ಹೌದ್ರಿ” ಅಂದ. ಮಗುವನ್ನು ತಾನೇ ಎತ್ತಿಕೊಂಡ. ನಾನು ಅಲ್ಲೇ ಇದ್ದೆ.

ಮೂರು ಗಂಟೆಗೆ ಇನ್ನು ತಡೆಯಲಾಗಲಿಲ್ಲ.

“ಅಪ್ಪಾ, ಯಾರೂ ಬರಾಂಗಿಲ್ಲ. ಅವರು ನನ್ನ ಹೊರಗ ಹಾಕ್ಯಾರ.”

“ಯಾಕ? ಏನು ಮಾಡಿದಿ?”

“ಮದುವಿಗಿ ಕರದಿದ್ದಕ್ಕ.”

ಅಪ್ಪ ನನ್ನ ಮುಖವನ್ನೇ ನೋಡಿದರು. “ಕರದಿದ್ದಕ್ಕ?” ಅಂದರು. ಹಾರವನ್ನು ಗೇಟಿಗೆ ಸಿಕ್ಕಿಸಿದರು. ಬೈಯಲಿಲ್ಲ. ನೆಟ್ಟಗೆ ಶಾಮಿಯಾನಕ್ಕೆ ಹೋಗಿ ಮಚ್ಚೇಂದ್ರನನ್ನು ಕರೆದರು. ಅಡುಗೆಯವರ ಹತ್ತಿರ, ಬೋರ್‌ವೆಲ್ ಹತ್ತಿರ, ಎಲ್ಲಾ ಕಡೆ ಹುಡುಕಿದರು. ದುಬಲಗುಂಡಿಯವರೆಲ್ಲ ಆಗಲೇ ಬಸ್ಸು ಹತ್ತಿ ಹೋಗಿದ್ದರು. ಯಾರೂ ಉಂಡಿರಲಿಲ್ಲ.

ಅಪ್ಪ ಅಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಜೀಪಿನಲ್ಲಿ ಹುಗ್ಗಿಯ ಪಾತ್ರೆ ಇಡಿಸಿದರು. ಮತ್ತೆ ಇಳಿಸಿದರು. “ಡಬ್ಬಿ ಕೊಟ್ಟು ಬರಾಕ ಅವರೇನು ಭಿಕ್ಷಾ ಬೇಡಾವರಲ್ಲ. ಮತ್ತ ಕರಕೊಂಡು ಬರಬೇಕು” ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನೂ ನಡಿ. ಅವರ ಬಾಗಲಾಗ ನಿಂದ್ರಬೇಕು ಇಬ್ರೂ. ಒಳಗ ಬರ್ರಿ ಅಂದರ ಮಾತ್ರ ಹೋಗೂದು.”

ಚಪ್ಪಲಿ ಹುಡುಕುವ ನೆಪದಲ್ಲಿ ಆಫೀಸಿಗೆ ಬಂದು ಇಷ್ಟು ಬರೆದೆ. ಹೊರಗೆ ಜೀಪಿನಲ್ಲಿ ಅಪ್ಪ ಹಾರ್ನ್ ಹೊಡೆಯುತ್ತಿದ್ದಾರೆ. ದುಬಲಗುಂಡಿ ಏನು ಮಹಾ ದೂರವಲ್ಲ. ಅವರು ಒಳಗೆ ಕರೆಯದಿದ್ದರೆ —