ಖಾಲಿ ಸ್ಟೂಲಿನ ವಿರುದ್ಧ

ಚಿರಂಜೀವಿ ಹಾಡುಗಾರನಿಗೂ ಗಿಟಾರು ಹಿಡಿದ ಅಣ್ಣತಮ್ಮಂದಿರಿಗೂ ಆಶೀರ್ವಾದಗಳು.

ನಿಮ್ಮ ಪಂಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ನನ್ನ ಮಗಳು ತೀರಿಕೊಂಡ ಮೇಲೆ ನೀವು ಹೊರಟಿರುವ ಮೊದಲ ಪ್ರವಾಸದ ಕಾರ್ಯಕ್ರಮವನ್ನು ಶನಿವಾರ ಜನರ ಹಿಂದೆ ನಿಂತು ನೋಡಿದೆ. ಅವಳ ಡ್ರಮ್ಮುಗಳನ್ನು ವೇದಿಕೆಯ ನಡುವೆ ಜೋಡಿಸಿ, ಸ್ಟೂಲನ್ನು ಖಾಲಿ ಬಿಟ್ಟಿದ್ದಿರಿ. "ಅಪ್ಪಾಜಿ, ಅಲ್ಲಿ ಬೇರೆಯವರನ್ನ ಕೂರಿಸೋಕೆ ಮನಸ್ಸೇ ಬರಲ್ಲ" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನನ್ನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂತಹ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಆದರೂ ನಾನು ಇದನ್ನು ವಿರೋಧಿಸುತ್ತೇನೆ.

ಮೊದಲನೆಯದಾಗಿ, ತಾಳವಿಲ್ಲದೆ ಅಣ್ಣ ಮುಂದೋಡಿದ, ತಮ್ಮ ಹಿಂದುಳಿದ, ನೀನು ಇಬ್ಬರನ್ನೂ ಕೂಗಿ ಕರೆಯುವವನಂತೆ ಅರಚುತ್ತಿದ್ದೆ. "ನಾನು ಕೈ ನಿಲ್ಲಿಸಿದ್ರೆ ಇವರು ಮೂರು ದಿಕ್ಕಿಗೆ ಹೋಗ್ತಾರಪ್ಪ" ಎಂದು ಅವಳು ನಗುತ್ತಾ ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ಎರಡನೆಯದಾಗಿ, ಒಬ್ಬರ ಮೇಲೊಬ್ಬರು ಬಿದ್ದು ಕುಣಿಯಲು ಬಂದಿದ್ದವರು ಕೈಕಟ್ಟಿ ನಿಂತಿದ್ದರು. "ಶೋಕಸಭೆ ಅಂತ ಪೋಸ್ಟರಲ್ಲೇ ಹಾಕಬೇಕಿತ್ತು ಕಣೇ" ಎಂದು ಪಕ್ಕದ ಹುಡುಗಿ ಗೆಳತಿಗೆ ಹೇಳಿದಳು. ಶೋಕಸಭೆ ನಮ್ಮ ಮನೆಯಲ್ಲಿ ಮುಗಿದಿದೆ. ಮೂರನೆಯ ವಾದವೂ ಒಂದಿದೆ, ಅದನ್ನು ಬರೆಯಲಾರೆ.

ಆದ್ದರಿಂದ ಒಬ್ಬ ಡ್ರಮ್ಮರನ್ನು ಹುಡುಕಿ. ಅವಳಿಗಿಂತ ಚೆನ್ನಾಗಿ ಬಾರಿಸುವವರಾದರೆ ನನ್ನಿಂದ ಮುಚ್ಚಿಡಬೇಡಿ. ಸ್ಟೂಲಿನ ಎತ್ತರವನ್ನು ಅವರ ಕಾಲಿಗೆ ತಕ್ಕಂತೆ ಬದಲಿಸಿ. ಅವಳು ಗಿಡ್ಡಿ, ಅವಳ ಅಳತೆಗೆ ಇನ್ನೊಬ್ಬರು ಮಂಡಿ ನೋಯಿಸಿಕೊಳ್ಳಬೇಕಾಗಿಲ್ಲ.

ಮುಂದಿನ ತಿಂಗಳು ನಮ್ಮೂರಿನ ಮೇಲೆ ಹಾದುಹೋಗುವಾಗ ನಮ್ಮ ಮನೆಯಲ್ಲೇ ತಂಗತಕ್ಕದ್ದು. ನಾಲ್ವರಿಗೆ ಹಾಸಿಗೆ ಹಾಸಿರುತ್ತೇನೆ. ಮೂವರೇ ಬಂದರೆ ಬಾಗಿಲು ತೆಗೆಯುವುದಿಲ್ಲ.

ಇಂತಿ,
ಅವಳ ತಂದೆ